ಸೀರೆ ಉಟ್ಟ ವಾಷಿಂಗ್ ಮಷೀನು

ಕಳೆದ ಶನಿವಾರ ನಮ್ಮ ಅಪ್ಪ ವಾಷಿಂಗ್ ಮಷೀನಿಗೆ ಸೀರೆ ಉಡಿಸಿದ.

ತಮಾಷೆ ಮಾಡುತ್ತಿಲ್ಲ. ಅವ್ವನ ಹಳೆಯ ಇಳಕಲ್ ಸೀರೆ. ಕೆಂಪು ಸೆರಗು ಮುಂದೆ ಬರುವ ಹಾಗೆ ಇಳಿಬಿಟ್ಟು, ಎರಡೂ ಬದಿಗೆ ಪಿನ್ನು ಚುಚ್ಚಿ, ಮೇಲೊಂದು ಹಿತ್ತಾಳೆ ತಂಬಿಗೆ ಇಟ್ಟ. ತಂಬಿಗೆಯಲ್ಲಿ ಒಂದಿಷ್ಟು ಸೇವಂತಿಗೆ. ಆಮೇಲೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, "ಈಗ ನೋಡು, ಟೇಬಲ್ ಇದ್ದಂಗ ಐತಿ" ಎಂದ.

ನನ್ನ ಕಣ್ಣಿಗೆ ಟೇಬಲ್ ಕಾಣಲಿಲ್ಲ. ಸ್ವಲ್ಪ ದಪ್ಪಗಿನ, ಸ್ವಲ್ಪ ಕುಳ್ಳಗಿನ ಒಬ್ಬ ಗೌರಮ್ಮ ಕಂಡಳು.

ಅಪ್ಪನ ಪರಿಚಯ ನಿಮಗೆ ಇದ್ದೇ ಇದೆ. (ಈ ಅಂಕಣದಲ್ಲಿ ಅವನ ಕಾಲು ಎಷ್ಟು ಸಲ ಎಳೆದಿಲ್ಲ?) ಹೊಸಬರಿಗೆ ಹೇಳಬೇಕೆಂದರೆ, ಅಪ್ಪ ನಮ್ಮ ಕುಷಾಯಿಗೂಡದ ಹತ್ತಿರದ ಸರಕಾರಿ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಬಾಗಲಕೋಟೆಯಿಂದ ನೌಕರಿಗೆಂದು ಬಂದವನು ಹೈದರಾಬಾದಿನವನೇ ಆಗಿಬಿಟ್ಟ. ಕರೆಂಟು ಉಳಿಸುವುದು ಅವನಿಗೆ ಹವ್ಯಾಸವೂ ಹೌದು, ವ್ರತವೂ ಹೌದು. ನಮ್ಮ ಮನೆಯಲ್ಲಿ ಊಟಕ್ಕೆ ಕೂತವರು ನೀರು ತರಲು ಒಳಗೆ ಹೋದರೆ, ವಾಪಸ್ ಬರುವಷ್ಟರಲ್ಲಿ ಫ್ಯಾನ್ ನಿಂತಿರುತ್ತದೆ. ಟಿವಿಯಲ್ಲಿ ಜಾಹೀರಾತು ಬಂದರೆ ಆರಿಸಿ, ಮುಗಿದಿರಬಹುದು ಎಂದು ಅಂದಾಜು ಮಾಡಿ ಮತ್ತೆ ಹಚ್ಚುವ ಮನುಷ್ಯನನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಅವನ ಕಾರ್ಖಾನೆಯಲ್ಲಿ ಪ್ರತಿ ಡಿಸೆಂಬರಿಗೆ ವಿದ್ಯುತ್ ಉಳಿತಾಯ ಸಪ್ತಾಹ. ಪ್ರತಿಜ್ಞೆ, ಪೋಸ್ಟರು, ಭಾಷಣ, ಘೋಷಣೆ ಬರೆಯುವ ಸ್ಪರ್ಧೆ. ಘೋಷಣೆ ಬರೆಯುವುದರಲ್ಲಿ ಅಪ್ಪನದು ಎತ್ತಿದ ಕೈ. ಬಹುಮಾನವಾಗಿ ಒಂದು ಸಲ ಇಸ್ತ್ರಿಪೆಟ್ಟಿಗೆ ಬಂದಿದೆ, ಇನ್ನೊಂದು ಸಲ ನೀರು ಕಾಯಿಸುವ ಕೆಟಲ್. (ಕರೆಂಟು ಉಳಿಸಿದ್ದಕ್ಕೆ ಕರೆಂಟು ತಿನ್ನುವ ಬಹುಮಾನ. ಇದರ ತರ್ಕ ಏನೆಂದು ಯಾರನ್ನು ಕೇಳುವುದು?) ಈ ವರ್ಷ ಹೊಸದೊಂದು ಸ್ಪರ್ಧೆ ಸೇರಿಸಿದರು. ಅದರ ಹೆಸರು 'ಮಾದರಿ ಮನೆ'. ತೀರ್ಪುಗಾರರು ಮನೆಗೇ ಬಂದು, ಎಲ್ಲ ನೋಡಿ, ಮಾತಾಡಿಸಿ ಅಂಕ ಕೊಡುತ್ತಾರೆ. ಅಪ್ಪ ಮೊದಲ ದಿನವೇ ಹೆಸರು ಕೊಟ್ಟು ಬಂದ.

ಆದರೆ ಮನೆಯಲ್ಲಿ ಒಂದು ತೊಡಕು ಕೂತಿತ್ತು. ಹೊಚ್ಚ ಹೊಸದು, ಬಿಳಿ ಬಣ್ಣದ್ದು, ಮುಂದೆ ದುಂಡನೆಯ ಗಾಜಿನ ಬಾಗಿಲಿನದು.

ದೀಪಾವಳಿಗೆ ನಾನೇ ಕೊಡಿಸಿದ ಮಷೀನು ಅದು. ಮಾದಾಪುರದ ಆಫೀಸಿನಲ್ಲಿ ದಿನವಿಡೀ ಕೂತು ದುಡಿದ ದುಡ್ಡಿಗೆ ಇದಕ್ಕಿಂತ ಒಳ್ಳೆಯ ಗತಿ ಸಿಗಲಾರದು ಎಂದು ಈಗಲೂ ನಂಬಿದ್ದೇನೆ. ಬಾತ್‌ರೂಮು ಇಕ್ಕಟ್ಟಾದ್ದರಿಂದ ಹಾಲ್‌ನ ಮೂಲೆಯಲ್ಲಿ, ವಾಷ್‌ಬೇಸಿನ್ ಪಕ್ಕ ಇಡಬೇಕಾಯಿತು. ಮಷೀನು ಬಂದ ಮೊದಲ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಗುಂಡಿ ಒತ್ತಿದಳು. ಎರಡನೇ ದಿನ ಅದರ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಮೂರನೇ ದಿನ ಕುರ್ಚಿಯ ಮೇಲೆ ಅವ್ವ, ಅವ್ವನ ಕೈಯಲ್ಲಿ ಚಹಾ.

ನೀವು ನಮ್ಮ ಅವ್ವನನ್ನು ನೋಡಿಲ್ಲ, ಆದ್ದರಿಂದ ಇದರ ತೂಕ ನಿಮಗೆ ಗೊತ್ತಾಗುವುದು ಕಷ್ಟ. ಕೆನೆ ಕಟ್ಟಿದ, ತಣ್ಣಗಾದ, ಯಾವುದೋ ಕಿಟಕಿಯ ಮೇಲೆ ಮರೆತು ಆಮೇಲೆ ಒಂದೇ ಗುಟುಕಿಗೆ ಮುಗಿಸುವ ಚಹಾವನ್ನಷ್ಟೇ ಆಕೆ ಕುಡಿದದ್ದು ನನಗೆ ಗೊತ್ತು. ಈಗ ಬಿಸಿ ಚಹಾ. ಅದೂ ಕೂತು. ಗಾಜಿನೊಳಗೆ ಬಟ್ಟೆ ಮೇಲೆ ಹೋಗುವುದನ್ನು, ಧೊಪ್ಪನೆ ಕೆಳಗೆ ಬೀಳುವುದನ್ನು ನೋಡುತ್ತ. "ಯಾವ ಸೀರಿಯಲ್ಲೂ ಇಷ್ಟು ಚಲೋ ಇರಂಗಿಲ್ಲ ಬಿಡವ. ಇದರಾಗ ಅತ್ತಿ ಇಲ್ಲ, ಸೊಸಿ ಇಲ್ಲ" ಎಂದಳು.

ಬಿಲ್ಲು ಬಂತು.

ಅಪ್ಪ ಅದನ್ನು ಒಂದು ಸಲ ಓದಿದ. ಕನ್ನಡಕ ಒರೆಸಿ ಇನ್ನೊಂದು ಸಲ ಓದಿದ. ಆಮೇಲೆ ತೀರ್ಪು ಹೇಳಿದ: "ನಾಚಾರಂದಾಗ ನಿಮ್ಮ ಅಕ್ಕನ ಮನ್ಯಾಗ ಸಣ್ಣ ಹುಡುಗ್ರದಾವು. ಆಕಿಗೆ ಬೇಕು ಮಷೀನ. ನಮಗ್ಯಾಕ? ಬರೂ ರವಿವಾರ ಅಳಿಯಂದ್ರು ಟೆಂಪೊ ತರ್ತಾರ. ಶನಿವಾರ ತೀರ್ಪುಗಾರರು ಬರೂ ಹೊತ್ತಿಗೆ ಅದು ಕಾಣಬಾರದು ಅಷ್ಟ."

ಅವ್ವ ಕುರ್ಚಿ ಎತ್ತಿ ಬಾಲ್ಕನಿಗೆ ಹಾಕಿದಳು.

ಅವ್ವ ಜಗಳ ಆಡಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ಕುರ್ಚಿ ಹೋದದ್ದು ತಡೆಯಲಾಗಲಿಲ್ಲ. ಕಾಲೇಜಿನ ಡಿಬೇಟಿನಲ್ಲಿ ಪರವೂ ಮಾತಾಡಿ, ವಿರೋಧವೂ ಮಾತಾಡಿ ಬಹುಮಾನದ ಕಪ್ಪು ತಂದವಳು ನಾನು. 'ಗೃಹೋಪಯೋಗಿ ಯಂತ್ರಗಳು ವರವೋ ಶಾಪವೋ' ಎಂಬಂಥ ವಿಷಯಗಳ ಮೇಲೆ ನಿದ್ದೆಗಣ್ಣಲ್ಲೂ ಮಾತಾಡಬಲ್ಲೆ. ಅವಲಕ್ಕಿ ತಿನ್ನುತ್ತಲೇ ಶುರು ಮಾಡಿದೆ.

"ಅಪ್ಪಾ, ಕರೆಂಟು ಎಷ್ಟು ಹೋತು ಅಂತ ಮೀಟರ್ ಹೇಳ್ತೈತಿ. ಅವ್ವನ ಸೊಂಟ ಎಷ್ಟು ಹೋತು ಅಂತ ಯಾವ ಮೀಟರ್ ಹೇಳ್ತೈತಿ?"

"ಬ್ಯಾರಿಸ್ಟರ್ ಸಾಹೇಬ್ರು ಎದ್ರು ನೋಡು" ಎಂದ ಅಪ್ಪ, ಶೇಂಗಾ ಆರಿಸಿಕೊಳ್ಳುತ್ತ. "ಸ್ವಿಚ್ ಒತ್ತೂದು ನಿಮಗ ಸಸಾರ ಆಗೈತಿ. ಒತ್ತಿದ್ರ ಎಲ್ಲೋ ಒಂದ್ಕಡೆ ಕಲ್ಲಿದ್ದಲು ಸುಡತೈತಿ. ಸುಡೂದು ನಿಮಗ ಕಾಣಂಗಿಲ್ಲ, ಅದಕ್ಕ ಸಸಾರ. ಹಳ್ಯಾಗ ಪಂಪ್‌ಸೆಟ್ಟಿಗೆ ಕರೆಂಟ್ ಸಿಗವಲ್ದು. ಇಲ್ಲಿ ನಿಮ್ಮ ಕುಪ್ಪಸ ಗಿರಗಿರ ತಿರುಗಾಕತ್ತಾವು."

ಒಪ್ಪಬೇಕಾದ ಮಾತು. ಎದುರಾಳಿಯ ಒಳ್ಳೆಯ ಪಾಯಿಂಟನ್ನು ಒಪ್ಪದವರು ಡಿಬೇಟಿಗೆ ಬರಬಾರದು. ಆದರೆ ಒಪ್ಪಿದ ಮೇಲೆ ಮುಂದಿನ ಪ್ರಶ್ನೆ ಕೇಳಬೇಕು.

"ಸರಿ, ಉಳಿಸೋಣ. ಮದ್ಲು ಅವ್ವಂದ ಯಾಕ ಉಳಿಸಬೇಕು? ನಿಮ್ಮ ಸಪ್ತಾಹದ ಪೋಸ್ಟರ್ ನೋಡೀಯೇನು? ಸ್ವಿಚ್ ಆರಿಸೂ ಕೈಗೆ ಯಾವಾಗ್ಲೂ ಬಳಿ ಇರ್ತಾವು. ಗಂಡಸರ ಕೈಗೆ ಸ್ವಿಚ್ ಎಟುಕಂಗಿಲ್ಲೇನು?"

ಅಪ್ಪ ಶೇಂಗಾ ಅಗಿಯುವುದನ್ನು ನಿಲ್ಲಿಸಿದ. ಆ ಪೋಸ್ಟರಿನ ಘೋಷಣೆ ಅವನದೇ ಆಗಿತ್ತಂತೆ.

ಆದರೂ ತೀರ್ಪು ಬದಲಾಗಲಿಲ್ಲ. ಮನೆಯ ಡಿಬೇಟಿನಲ್ಲಿ ಎದುರಾಳಿ, ತೀರ್ಪುಗಾರ, ಗಂಟೆ ಬಾರಿಸುವವ ಎಲ್ಲ ಒಬ್ಬನೇ ಆದರೆ ಕಪ್ಪು ಯಾರಿಗೆ ಬರುತ್ತದೆ?

ಶನಿವಾರ ಬಂತು. ಇಲ್ಲಿ ಅಪ್ಪನ ಚಾಣಾಕ್ಷತನ ಸ್ವಲ್ಪ ವರ್ಣಿಸಬೇಕು. ಈ ವರ್ಷ ಚಳಿಗಾಲದಲ್ಲೂ ನಮ್ಮ ಏರಿಯಾಕ್ಕೆ ಬೆಳಗಿನ ಹೊತ್ತು ಕರೆಂಟ್ ಕಟ್. ಅಪ್ಪ ತೀರ್ಪುಗಾರರಿಗೆ ಬರಲು ಹೇಳಿದ್ದು ಸರಿಯಾಗಿ ಆ ಹೊತ್ತಿಗೆ. ಫ್ಯಾನು ತಿರುಗುವುದಿಲ್ಲ, ಲೈಟು ಉರಿಯುವುದಿಲ್ಲ, ಫ್ರಿಜ್ಜು ಗುರುಗುಟ್ಟುವುದಿಲ್ಲ. ಇದಕ್ಕಿಂತ ಮಾದರಿ ಮನೆ ಎಲ್ಲಿದೆ? ಸರಕಾರವೇ ಉಳಿಸಿಕೊಟ್ಟ ಕರೆಂಟನ್ನು ತನ್ನ ಖಾತೆಗೆ ಹಾಕಿಕೊಳ್ಳುವ ಯೋಜನೆ.

ಅವ್ವ ಮುಂಜಾನೆ ಮಷೀನಿಗೆ ಕೊನೆಯ ಸಲ ಬಟ್ಟೆ ಹಾಕಿದ್ದಳು. ಅದು ಅರ್ಧ ಒಗೆಯುವಷ್ಟರಲ್ಲಿ ಕರೆಂಟು ಹೋಯಿತು. ಬಾಗಿಲು ಲಾಕ್. ಒಳಗೆ ನೀರು, ಸೋಪು, ಬಟ್ಟೆ. ಅಪ್ಪ ಸೀರೆ ಹಿಡಿದು ಬಂದಾಗ ಅವ್ವ ಹೇಳಿದಳು, "ರೀ, ಒಳಗ ಅರಿವಿ ಅದಾವ್ರಿ."

"ಇರ್ಲಿ ಬಿಡು. ಅವ್ರು ಹೋಗೂತನಕಾ ಕರೆಂಟ್ ಬರಂಗಿಲ್ಲ."

ನೀರು ತರಲು ಎದ್ದವರ ಫ್ಯಾನ್ ಆರಿಸುವ ಮನುಷ್ಯ, ಮಷೀನಿನ ಹಿಂದಿನ ಸ್ವಿಚ್ಚನ್ನು ಹಾಗೇ ಬಿಟ್ಟ. ಕರೆಂಟೇ ಇಲ್ಲದಾಗ ಸ್ವಿಚ್ಚು ಆರಿಸಬೇಕೆಂದು ಯಾರಿಗೆ ನೆನಪಾಗುತ್ತದೆ?

ತೀರ್ಪುಗಾರರು ಇಬ್ಬರು. ಒಬ್ಬರು ರಾವುಗಾರು, ಅಪ್ಪನಿಗಿಂತ ಹಿರಿಯ ಅಧಿಕಾರಿ, ಹಣೆಯ ಮೇಲೆ ಸಣ್ಣ ಗಂಧದ ಬೊಟ್ಟು. ಇನ್ನೊಬ್ಬರು ನಸ್ರೀನ್ ಮೇಡಂ, ಕಾರ್ಖಾನೆಯ ಎಲೆಕ್ಟ್ರಿಕಲ್ ವಿಭಾಗದವರು, ಹಳೇ ಹೈದರಾಬಾದಿನ ಮಾತು. ರಾವುಗಾರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರೇ ಹಾಲ್‌ನ ಮೂಲೆ ನೋಡಿದರು. ಇಳಕಲ್ ಸೀರೆ, ತಂಬಿಗೆ, ಸೇವಂತಿಗೆ. ಎರಡೂ ಕೈ ಜೋಡಿಸಿ, ಕಣ್ಣು ಮುಚ್ಚಿ ನಮಸ್ಕಾರ ಮಾಡಿದರು.

"ಅಮ್ಮವಾರಾ ಅಂಡಿ?" ಎಂದು ಕೇಳಿದರು. ದೇವಿಯೇ, ಎಂದು.

ಅಪ್ಪ ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಗಂಟಲು ಸರಿ ಮಾಡಿಕೊಂಡ. ಲಿಂಗಪೂಜೆ ಮಾಡದೆ ನೀರು ಮುಟ್ಟದ ಮನುಷ್ಯ, ವಾಷಿಂಗ್ ಮಷೀನಿಗೆ ಹಿರಿಯ ಅಧಿಕಾರಿಯಿಂದ ಕೈ ಮುಗಿಸಿ ನಿಂತಿದ್ದ. ನಾನು ಅಡುಗೆಮನೆಗೆ ಓಡಿ ಸೆರಗಿಲ್ಲದ್ದಕ್ಕೆ ಬಾಯಿಗೆ ಟವೆಲ್ ತುರುಕಿಕೊಂಡೆ.

ಚಹಾ ಬಂತು. ಅಪ್ಪ ತನ್ನ ಉಳಿತಾಯದ ಕತೆ ಹೇಳತೊಡಗಿದ. ಹಗಲು ಲೈಟು ಹಾಕದೆ ಕಿಟಕಿ ಪಕ್ಕ ಕೂರುವುದು, ಗೀಜರಿಗೆ ಬದಲು ಬಿಸಿಲಿಗೆ ಹಂಡೆ ಇಡುವುದು. ಎಲ್ಲ ನಿಜವೇ. ನಸ್ರೀನ್ ಮೇಡಂ ಮೆಚ್ಚಿ ತಲೆಯಾಡಿಸುತ್ತಿದ್ದರು. ರಾವುಗಾರು ಅಂಕದ ಹಾಳೆ ತೆಗೆದರು.

ಕರೆಂಟು ಬಂತು.

ಅರ್ಧಕ್ಕೆ ನಿಂತ ಕೆಲಸವನ್ನು ಅಲ್ಲಿಂದಲೇ ಮುಂದುವರಿಸುವ ಬುದ್ಧಿ ಈಗಿನ ಮಷೀನುಗಳಿಗೆ ಇದೆ. (ಮನುಷ್ಯರಲ್ಲಿ ಎಷ್ಟು ಜನರಿಗಿದೆ ಹೇಳಿ?) ಸೀರೆಯೊಳಗಿಂದ ಮೊದಲು ಒಂದು 'ಟಿಂಗ್' ಬಂತು. ಆಮೇಲೆ ಹೊಟ್ಟೆಯೊಳಗೆ ನೀರು ಗುಳುಗುಳು. ಆಮೇಲೆ ಅಮ್ಮವಾರು ಮೆಲ್ಲಗೆ ತೂಗತೊಡಗಿದರು. ಸೇವಂತಿಗೆ ಉದುರಿದವು. ತಂಬಿಗೆ ಕಟಕಟ ಕುಣಿಯುತ್ತ ಅಂಚಿಗೆ ಬಂತು. ರಾವುಗಾರು ಅರ್ಧ ಎದ್ದು ನಿಂತು ಮತ್ತೆ ಕೈ ಮುಗಿದರು. ನಸ್ರೀನ್ ಮೇಡಂ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದವರು ಹಾಗೇ ಮರೆತು, ಬಹಳ ಶಾಂತವಾಗಿ ಹೇಳಿದರು: "ಭಾಯ್ ಸಾಬ್, ಆಪ್ಕಿ ದೇವಿ ಚಲ್ ರೈ." ನಿಮ್ಮ ದೇವಿ ಚಾಲೂ ಆಗಿದ್ದಾಳೆ, ಎಂದು.

ತಂಬಿಗೆ ಬಿತ್ತು. ಸೀರೆ ಜಾರಿತು. ಗಾಜಿನ ಹಿಂದೆ ಅಪ್ಪನ ಬಿಳಿ ಧೋತರವೊಂದು ಒಂಟಿಯಾಗಿ ಸುತ್ತು ಹೊಡೆಯುತ್ತಿತ್ತು.

ನಸ್ರೀನ್ ಮೇಡಂ ನಗತೊಡಗಿದರು. ಅವರ ನಗೆ ಹೇಗಿತ್ತೆಂದರೆ, ಪಕ್ಕದ ಮನೆಯವರು ಬಾಲ್ಕನಿಗೆ ಬಂದು ನೋಡಿದರು. ರಾವುಗಾರು ಮೊದಲು ಗಂಭೀರವಾಗಿದ್ದರು, ತಾವು ಎರಡು ಸಲ ಕೈ ಮುಗಿದದ್ದು ನೆನಪಾಗಿ ಅವರೂ ಶುರು ಮಾಡಿದರು. ಅವ್ವ ಸೆರಗು ಬಾಯಿಗೆ ಹಿಡಿದಳು. ಅಪ್ಪ ಮಾತ್ರ ಬಿದ್ದ ಸೇವಂತಿಗೆ ಒಂದೊಂದಾಗಿ ಆರಿಸುತ್ತಿದ್ದ, ಕಾರ್ಖಾನೆಯ ಬೋಲ್ಟುಗಳನ್ನು ಹೆಕ್ಕುವ ಹಾಗೆ.

ನಗೆ ಮುಗಿದ ಮೇಲೆ ನಸ್ರೀನ್ ಮೇಡಂ ಮಷೀನಿನ ಹತ್ತಿರ ಹೋಗಿ ಬಗ್ಗಿದರು. ಅವರೊಳಗಿನ ಎಲೆಕ್ಟ್ರಿಕಲ್ ವಿಭಾಗ ಎದ್ದಿತ್ತು. ಬಿಸಿನೀರಿನ ಗುರುತಿಗೆ ತಿರುಗಿಸಿದ್ದ ಗುಂಡಿ ತೋರಿಸಿ, "ಭಾಭಿ, ರೋಜ್ ಐಸಾಚ್ ಚಲಾತೆ?" ಎಂದರು. ದಿನಾ ಹೀಗೇ ಹಾಕುತ್ತೀರಾ ಎಂದು.

"ಹಾಂ ಮೇಡಂ. ಗರಮ್ ಪಾನೀ ಮೇ ಸಾಫ್ ಹೋತಾ ನಾ" ಎಂದಳು ಅವ್ವ. ಬಿಸಿನೀರಲ್ಲಿ ಸ್ವಚ್ಛ ಆಗುತ್ತದಲ್ಲ, ಎಂದು.

ಮೇಡಂ ವಿವರಿಸಿದರು. ಡ್ರಮ್ಮು ತಿರುಗಲು ಹೆಚ್ಚು ಕರೆಂಟು ಬೇಡ. ನೀರು ಕಾಯಿಸುವುದಕ್ಕೇ ಬಹುಪಾಲು ಹೋಗುತ್ತದೆ. ಮನೆಯ ಬಟ್ಟೆಗೆ ತಣ್ಣೀರು ಸಾಕು. ಆಮೇಲೆ ಕೇಳಿದರು, ದಿನಕ್ಕೆ ಎಷ್ಟು ಸಲ?

ಅವ್ವನಿಗೆ ಸುಳ್ಳು ಬರುವುದಿಲ್ಲ. "ಮೂರು" ಎಂದಳು.

ಮೂರು ಜನರ ಮನೆಯಲ್ಲಿ ದಿನಕ್ಕೆ ಮೂರು ಸಲ ಯಾಕೆ? ನಾನೂ ಕಿವಿ ನಿಮಿರಿಸಿದೆ. ಬೆಳಿಗ್ಗೆ ಆಫೀಸಿಗೆ ಓಡುವವಳಿಗೆ ಇದು ಗೊತ್ತಿರಲಿಲ್ಲ. ಅವ್ವ ವಿವರ ಕೊಟ್ಟಳು. ಮೊದಲ ಸಲ ಅಪ್ಪನ ಪೂಜೆಯ ಮಡಿ ಧೋತರ, ಅದೊಂದೇ. ಬೇರೆ ಬಟ್ಟೆಯ ಜೊತೆ ಸೇರಿಸಿದರೆ ಮಡಿ ಕೆಡುತ್ತದೆ. ಎರಡನೇ ಸಲ ಮನೆಯ ಬಟ್ಟೆ. ಮೂರನೇ ಸಲ ನನ್ನ ಒಂದು ಜೀನ್ಸು, ಒಂದು ಟಾಪು. ಅದಕ್ಕೇಕೆ ಪ್ರತ್ಯೇಕ?

"ನೀ ಷೇರ್ ಆಟೋದಾಗ ಅಡ್ಡಾಡ್ತಿ. ಯಾರ್ ಯಾರ ಬಾಜೂಕ ಕುಂತಿರ್ತೀಯೋ ಏನೋ" ಎಂದಳು ಅವ್ವ.

ಅಂದರೆ, ಓದುಗ ಮಹಾಶಯರೇ, ಕುಷಾಯಿಗೂಡದ ನಮ್ಮ ಮನೆಯಲ್ಲಿ ಕರೆಂಟು ತಿನ್ನುತ್ತಿದ್ದದ್ದು ವಾಷಿಂಗ್ ಮಷೀನಲ್ಲ. ಒಂದು ಕಡೆ ಮಡಿ, ಇನ್ನೊಂದು ಕಡೆ ನಾನು. ಒಮ್ಮೆ ಹಾಕಿದ ಜೀನ್ಸನ್ನು ಯೋಚನೆ ಮಾಡದೆ ಬುಟ್ಟಿಗೆ ಎಸೆಯುವವಳು ನಾನೇ ತಾನೇ? ಆದರೆ ಆ ಹೊತ್ತಿನಲ್ಲಿ ನನ್ನ ಕಣ್ಣು ಇದ್ದದ್ದು ಮಡಿಯ ಮೇಲೆ.

"ಅಪ್ಪಾ, ಶರಣರು ಮಡಿ ಮೈಲಿಗಿ ಬ್ಯಾಡ ಅಂದಿದ್ರಲ್ಲ?"

"ಶರಣರ ಕಾಲದಾಗ ಹೆಣ್ಮಕ್ಕಳು ಇಷ್ಟು ವಾದಾ ಮಾಡ್ತಿದ್ದಿಲ್ಲ."

"ಮಾಡ್ತಿದ್ರು. ಅದಕ್ಕ ಅವರ ಹೆಸರು ಉಳದೈತಿ."

ರಾವುಗಾರಿಗೆ ಕನ್ನಡ ಪೂರ್ತಿ ಬಾರದಿದ್ದರೂ ಮಡಿ ಎಂಬುದು ಚೆನ್ನಾಗಿ ಅರ್ಥವಾಯಿತು. ಅವರಿಗೆ ಬೇರೆಯದೇ ಅನುಮಾನ. "ಮೆಷಿನ್‌ಲೋ ವೇಸ್ತೇ ಮಡಿ ಎಲಾ ಅವುತುಂದಂಡಿ?" ಎಂದರು. ಮಷೀನಿಗೆ ಹಾಕಿದರೆ ಅದು ಮಡಿ ಹೇಗಾಗುತ್ತದೆ? ಅವರ ಮನೆಯಲ್ಲಿ ಮಡಿಬಟ್ಟೆಯನ್ನು ಉಡುವವನೇ ಒಗೆದು, ಹಿಂಡಿ, ಒಣಹಾಕಬೇಕಂತೆ. ಬೇರೆ ಯಾರ ಕೈ ತಗುಲಿದರೂ ಲೆಕ್ಕಕ್ಕಿಲ್ಲ. ಅವರದನ್ನು ಅವರೇ ಒಗೆದುಕೊಳ್ಳುತ್ತಾರಂತೆ, ನೌಕರಿಗೆ ಸೇರುವ ಮೊದಲಿನಿಂದಲೂ.

ಮಡಿಯನ್ನು ಜೀವಮಾನವಿಡೀ ವಿರೋಧಿಸಿದ ನನಗೆ, ಆ ಕ್ಷಣದಲ್ಲಿ ಅದರ ಮೇಲೆ ಪ್ರೀತಿ ಉಕ್ಕಿತು. ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಮುಂದೆ ಬಂದಿದ್ದಳು.

"ಅಯ್ಯ, ಹೌದೇನ್ರಿ? ನಾ ಮುಟ್ಟಿದ್ರ ನಿಮ್ಮ ಮಡಿ ಕೆಡತೈತಿ ಅಂತ ಇಷ್ಟು ವರ್ಷ ತಿಳೀಲೇ ಇಲ್ಲ ನೋಡ್ರಿ ನನಗ" ಎಂದಳು ಅಪ್ಪನಿಗೆ, ಬಹಳ ಕಳವಳದಿಂದ. "ಭಾಳ ತಪ್ಪಾತು. ನಾಳಿಯಿಂದ ಮುಟ್ಟಂಗಿಲ್ಲ ಬಿಡ್ರಿ."

ಅಪ್ಪ ರಾವುಗಾರನ್ನು ನೋಡಿದ. ರಾವುಗಾರು ತಮ್ಮ ಹಾಳೆಯನ್ನು ನೋಡಿದರು.

"ಬಿಸಿನೀರಿನ ಗುಂಡಿ ನಾ ಬಿಡ್ತೀನಿ" ಅವ್ವ ಮುಂದುವರಿಸಿದಳು. ಈಗ ದನಿಯಲ್ಲಿ ಕಳವಳವಿರಲಿಲ್ಲ. "ಧೋತರ ನೀವು ಹಿಡೀರಿ. ಈಕಿ ಪ್ಯಾಂಟು ಒಂದೆರಡು ದಿನ ಜಾಸ್ತಿ ಹಾಕ್ಕೊಳ್ಲಿ, ಮೈ ಏನ್ ಸವೆಯಂಗಿಲ್ಲ. ಎಲ್ಲಾ ಕೂಡಿಸಿ, ಮಷೀನ ತುಂಬಿದಾಗ ಅಷ್ಟ ಹಾಕ್ತೀನಿ. ಆದ್ರ ಮಷೀನ ಎಲ್ಲೂ ಹೋಗಂಗಿಲ್ಲ. ಇಲ್ಲೇ ಇರತೈತಿ."

ನನ್ನ ಬಾಯಿ ಇನ್ನೂ ತೆರೆದೇ ಇತ್ತು. ಮುಚ್ಚಿಕೊಂಡೆ.

ಅಪ್ಪ ಎಂಜಿನಿಯರ್ ಮನುಷ್ಯ, ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರಬೇಕು. ಲೆಕ್ಕ ಸರಿ ಬಂದಿರಬೇಕು, ಯಾಕೆಂದರೆ ಫೋನು ಎತ್ತಿ ಅಳಿಯಂದಿರಿಗೆ ಹಚ್ಚಿದ. "ಟೆಂಪೊ ಬ್ಯಾಡ್ರಿ. ಅಲ್ಲಲ್ಲ, ಮಷೀನ ಕೆಟ್ಟಿಲ್ಲ. ಮನಿಗೆ ಹೊಂದಿಕೊಂಡೈತಿ" ಎಂದ.

ಅವ್ವ ಬಾಲ್ಕನಿಗೆ ಹೋಗಿ ಕುರ್ಚಿ ತಂದಳು. ನಸ್ರೀನ್ ಮೇಡಂ ಅದರ ಪಕ್ಕಕ್ಕೆ ಇನ್ನೊಂದು ಎಳೆದುಕೊಂಡರು. ಇಬ್ಬರೂ ಸೇರಿ ಧೋತರದ ಕೊನೆಯ ಸುತ್ತು ಮುಗಿಯುವವರೆಗೆ ನೋಡಿದರು.

ಬಹುಮಾನ? ನಮಗೆ ಬರಲಿಲ್ಲ. ಮೊದಲ ಬಹುಮಾನ ಪಡೆದ ಮನೆಯವರು ಮಗಳ ಬಾಣಂತನಕ್ಕೆಂದು ಮನೆಗೆ ಬೀಗ ಹಾಕಿ ಊರಿಗೆ ಹೋಗಿ, ತೀರ್ಪುಗಾರರು ಬರುವ ಮುನ್ನಾದಿನವಷ್ಟೇ ವಾಪಸ್ ಬಂದವರಂತೆ. ಬಿಲ್ಲು ಕಡಿಮೆ ಬರದೆ ಇನ್ನೇನಾದೀತು? ಮನೆಯಲ್ಲಿ ಜನವೇ ಇಲ್ಲದಿದ್ದರೆ ಎಲ್ಲ ಮನೆಯೂ ಮಾದರಿಯೇ. ಕಷ್ಟ ಇರುವುದು ಜನ ಇದ್ದು, ಅವರಿಗೆ ಬಟ್ಟೆ ಇದ್ದು, ಬಟ್ಟೆಗೆ ಕೊಳೆ ಇದ್ದು, ಯಾರೋ ಒಬ್ಬರ ಸೊಂಟವೂ ಉಳಿಯಬೇಕು, ಕರೆಂಟೂ ಉಳಿಯಬೇಕು ಎನ್ನುವಲ್ಲಿ. ನಾವು ಮಾತ್ರ ಮಷೀನು ಬೇಕೋ ಬೇಡವೋ ಎಂದು ಎರಡು ಗುಂಪು ಮಾಡಿಕೊಂಡು ಮೇಜು ಕುಟ್ಟುತ್ತೇವೆ. (ನಾನೂ ಕುಟ್ಟಿದ್ದೇನೆ, ಕಪ್ಪೂ ತಂದಿದ್ದೇನೆ.) ಯಾವ ಗುಂಡಿ, ಎಷ್ಟು ಸಲ, ಯಾರ ಬಟ್ಟೆಗಾಗಿ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಗೆ ಚಪ್ಪಾಳೆ ಬೀಳುವುದಿಲ್ಲ ನೋಡಿ.

ಈಗ ನಮ್ಮ ಮನೆಯ ಬೆಳಗು ಹೀಗಿದೆ. ಅಪ್ಪ ಬಾತ್‌ರೂಮಿನಲ್ಲಿ ಧೋತರ ಕುಕ್ಕುತ್ತಾನೆ. ಒಂಬತ್ತು ಮೊಳದ ಒದ್ದೆ ಬಟ್ಟೆಯ ಒಂದು ತುದಿಯನ್ನು ನಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಹಿಡಿದು ತಿರುವುತ್ತಾನೆ. ತಿರುವಿದ ನೀರೆಲ್ಲ ಅವನ ಬನಿಯನ್ನಿನ ಮೇಲೆಯೇ ಬೀಳುತ್ತದೆ. ಮೊದಲ ದಿನ ಹಾಡು ಗುನುಗುತ್ತಿದ್ದ. ಎರಡನೇ ದಿನ ಸದ್ದಿರಲಿಲ್ಲ. ನಿನ್ನೆ, ನಾನು ಆಫೀಸಿಗೆ ಹೊರಟಿದ್ದಾಗ, ಸುತ್ತಮುತ್ತ ಅವ್ವ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹತ್ತಿರ ಬಂದ.

"ಏನವಾ, ಒಗಿಯೂದು ಬ್ಯಾಡ, ಬರೇ ಹಿಂಡಾಕಂತ ಹಾಕಿದ್ರ, ಆ ಮಷೀನ ಎಷ್ಟು ಕರೆಂಟ್ ತಿಂತೈತಿ?"

ಕರೆಂಟು ಉಳಿಸಿ ಎಂದು ಭಾಷಣಕ್ಕೆ ನಿಲ್ಲುವವರ ಕೈಗೆ, ಮೈಕಿಗಿಂತ ಮೊದಲು ಒಂದು ಒದ್ದೆ ಧೋತರ ಕೊಟ್ಟು ನೋಡಿದರೆ ಹೇಗೆ?